ಜೋಡಿಯಮ್ಮ ಬರೆದ ಸೌಮ್ಯ ಆಮ್ಲ

ಅಚ್ಚಿನ ಮನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಇರಲಿಲ್ಲ. ಹೊಸಬರು ಮೇಡಂ ಅನ್ನುತ್ತಿದ್ದರು, ಹಳಬರು ಜೋಡಿಯಮ್ಮ ಅನ್ನುತ್ತಿದ್ದರು. ಅವಳ ಮೇಜಿನ ಬಲಗಡೆಯ ಕಬ್ಬಿಣದ ಡ್ರಾಯರಿನಲ್ಲಿ ಸಾವಿರದ ನೂರ ನಲವತ್ತು ಕಾರ್ಡುಗಳಿದ್ದವು. ಒಂದೊಂದರ ನೆತ್ತಿಯಲ್ಲೂ ಎರಡೆರಡು ಇಂಗ್ಲಿಷ್ ಪದ. ಅಣ್ಣತಮ್ಮಂದಿರ ಹಾಗೆ ಮುಖ ಒಂದೇ, ಗುಣ ಬೇರೆ. ಅದರಿಂದಲೇ ಆ ಅಡ್ಡಹೆಸರು. ಅವಳ ಅಕ್ಕ ಮಾತ್ರ ಇದನ್ನು ಬೇರೆ ರೀತಿ ಹೇಳುತ್ತಿದ್ದಳು: "ಲೋಕದ ಪದಕ್ಕೆಲ್ಲ ಜೋಡಿ ಹುಡುಕ್ತಾಳೆ. ನಲವತ್ತೇಳು ತುಂಬಿತು, ತನಗೊಂದು ಹುಡುಕ್ಕೊಳ್ಳೋಕೆ ಇವಳಿಗೆ ಪುರುಸೊತ್ತಾಗಲಿಲ್ಲ."

ಆ ಅಚ್ಚಿನ ಮನೆಯಲ್ಲಿ ಪುಸ್ತಕ ಮುದ್ರಿಸುತ್ತಿರಲಿಲ್ಲ, ಮದುವೆ ಕಾಗದವನ್ನೂ ಮುದ್ರಿಸುತ್ತಿರಲಿಲ್ಲ. ಬರೀ ಲೇಬಲ್ಲು. ಕೆಮ್ಮಿನ ಔಷಧಿ, ಇಲಿ ಪಾಷಾಣ, ಬಣ್ಣದ ಡಬ್ಬಿ, ಬ್ಯಾಟರಿ ನೀರು, ಆಸ್ಪತ್ರೆಯ ಹತ್ತಿ. ಮೂಲದ ಚೀಟಿ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅದನ್ನು ಜನರ ಮಾತಿಗೆ ತಂದು ಹಿಡಿಯಗಲದ ಜಾಗದಲ್ಲಿ ಕೂರಿಸುವುದು ಜೋಡಿಯಮ್ಮನ ಕೆಲಸ. ಅವಳ ಅಪ್ಪ ಅಲ್ಲೇ ಅಚ್ಚುಮೊಳೆ ಜೋಡಿಸುತ್ತಿದ್ದವರು. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಅವಳು ಓದುತ್ತಿದ್ದಾಗ ಅವರು ತೀರಿಕೊಂಡರು. ಯಜಮಾನರು ಕರೆದು, "ಇಂಗ್ಲಿಷ್ ಬರುತ್ತಾ?" ಅಂದರು. ಬರುತ್ತೆ ಅಂದಳು. ಕರಡು ತಿದ್ದುವ ಕುರ್ಚಿಯಲ್ಲಿ ಕೂರಿಸಿದರು. ಆಮೇಲೆ ಅವಳು ಅಲ್ಲಿಂದ ಎದ್ದದ್ದೇ ಇಲ್ಲ.

ಕಾರ್ಡುಗಳಲ್ಲಿ ಅವಳು ನಿಘಂಟಿನ ಅರ್ಥ ಬರೆಯುತ್ತಿರಲಿಲ್ಲ. ಮನೆಯಲ್ಲಿ ಕಣ್ಣಿಗೆ ಬಿದ್ದದ್ದನ್ನು ಬರೆಯುತ್ತಿದ್ದಳು. ಹಜಾರ್ಡ್ ಮತ್ತು ರಿಸ್ಕ್ ಎಂಬ ಕಾರ್ಡಿನಲ್ಲಿ ಹೀಗಿತ್ತು: "ಅಟ್ಟದ ಮೇಲಿಟ್ಟ ಕತ್ತಿ ಹಜಾರ್ಡ್. ಮಗು ಕುರ್ಚಿ ಎಳೆಯಲು ಕಲಿತ ದಿನದಿಂದ ರಿಸ್ಕ್." ಪ್ರಿಸೈಸ್ ಮತ್ತು ಆಕ್ಯುರೇಟ್ ಕಾರ್ಡಿನಲ್ಲಿ: "ನಮ್ಮ ಗೋಡೆ ಗಡಿಯಾರ ದಿನವೂ ಏಳೇ ನಿಮಿಷ ಮುಂದೆ. ಆರಲ್ಲ, ಎಂಟಲ್ಲ. ಆದ್ದರಿಂದ ಪ್ರಿಸೈಸ್. ಸಮಯ ತಪ್ಪು, ಆದ್ದರಿಂದ ಆಕ್ಯುರೇಟ್ ಅಲ್ಲ." ಪಾಯ್ಸನ್ ಮತ್ತು ವೆನಮ್: "ನಾವು ಅದನ್ನು ನುಂಗಿದರೆ ಮೊದಲನೆಯದು, ಅದು ನಮ್ಮನ್ನು ಕಚ್ಚಿದರೆ ಎರಡನೆಯದು."

ಹುಟ್ಟಾ ಪುಕ್ಕಲು ಸ್ವಭಾವ ಅವಳದು. ಗ್ಯಾಸಿನ ತಿರುಪನ್ನು ಮೂರು ಸಲ ಮುಟ್ಟಿ ನೋಡದೆ ಮನೆ ಬಿಡುತ್ತಿರಲಿಲ್ಲ. ಬಾಗಿಲಿಗೆ ಬೀಗ ಹಾಕಿ ಎಂಟು ಮೆಟ್ಟಿಲು ಇಳಿದ ಮೇಲೆ ಮತ್ತೆ ಹತ್ತಿ ಬೀಗ ಎಳೆದು ನೋಡುತ್ತಿದ್ದಳು. ಭಾವ ಇದಕ್ಕೆ ನಗುತ್ತಿದ್ದರು. ಆದರೆ ಲೇಬಲ್ಲಿನ ಕೆಲಸಕ್ಕೆ ಹೆದರಿಕೆಯೇ ಬಂಡವಾಳ ಎಂದು ಯಜಮಾನರಿಗೆ ಗೊತ್ತಿತ್ತು. ಇಪ್ಪತ್ತೇಳು ವರ್ಷದಲ್ಲಿ ಅವಳ ಲೇಬಲ್ಲಿನ ಮೇಲೆ ಒಂದೇ ಒಂದು ದೂರು ಬಂದಿರಲಿಲ್ಲ.

ಅದಕ್ಕೆ ಅವಳದೇ ಒಂದು ಪರೀಕ್ಷೆ ಇತ್ತು. ಬರೆದದ್ದನ್ನು ಸಂಜೆ ಮನೆಗೆ ತಂದು ಅಮ್ಮನ ಮುಂದೆ ಓದುತ್ತಿದ್ದಳು. ಅಮ್ಮ ನಾಲ್ಕನೇ ಕ್ಲಾಸಿನವರೆಗೆ ಓದಿದವರು, ಕನ್ನಡಕ ಹಾಕಿಕೊಂಡು ಪತ್ರಿಕೆಯ ದಪ್ಪಕ್ಷರ ಓದುವವರು.

"ಅರ್ಥ ಆಯ್ತಾ ಅಮ್ಮ?"

"ಹೂಂ."

ಅಮ್ಮ ಹೂಂ ಅಂದರೆ ಮಾರನೆಯ ದಿನ ಅಚ್ಚಿಗೆ ಹೋಗುತ್ತಿತ್ತು. "ಇದೇನೇ ಇದು, ಮಂತ್ರವಾ?" ಅಂದರೆ ಮತ್ತೆ ಬರೆಯುತ್ತಿದ್ದಳು. ಎಷ್ಟೋ ಪಂಡಿತರ ಪದಗಳು ಹೀಗೆ ಅಮ್ಮನ ಅಡುಗೆಮನೆಯ ಹೊಸ್ತಿಲಲ್ಲಿ ಮುಗ್ಗರಿಸಿ ಬಿದ್ದಿದ್ದವು.

ಆ ವರ್ಷ ಗಾಜಿನ ಕಾರ್ಖಾನೆಗೆ ಆಮ್ಲ ಒದಗಿಸುವ ಒಬ್ಬ ವ್ಯಾಪಾರಿಯ ಚೀಟಿ ಬಂತು. ಭಾವ ಕೆಲಸ ಮಾಡುತ್ತಿದ್ದದ್ದು ಅದೇ ಕಾರ್ಖಾನೆಯಲ್ಲಿ. ಸಣ್ಣ ಜಾಗ, ಏಳು ಜನ ಕೆಲಸಗಾರರು. ಕಿಟಕಿಯ ಗಾಜಿಗೆ, ಹೂದಾನಿಗೆ ಬಳ್ಳಿ, ಹೂವು, ಹಕ್ಕಿ ಕೆತ್ತುವವರು. ಭಾವನ ಬಲಗೈಯ ನಡುಬೆರಳು, ಉಂಗುರ ಬೆರಳು ಗಾಜಿನ ಮೇಲೆ ಆಡುವುದನ್ನು ನೋಡಲು ಗಿರಾಕಿಗಳು ನಿಲ್ಲುತ್ತಿದ್ದರು. ಕಣ್ಣಿಗೆ ಕಾಣದ ಗೀರು ಅವರ ಬೆರಳ ತುದಿಗೆ ಸಿಗುತ್ತಿತ್ತು. ಕೆತ್ತಿದ ಮೇಲೆ ಗಾಜನ್ನು ಆಮ್ಲದ ತೊಟ್ಟಿಯಲ್ಲಿ ಅದ್ದಿ ನುಣುಪು ಮಾಡಬೇಕು. ಗಾಜನ್ನು ತಿನ್ನುವ ಆಮ್ಲ ಒಂದೇ, ಹೈಡ್ರೋಫ್ಲೋರಿಕ್. ಗಾಜಿನ ಸೀಸೆಯನ್ನೂ ತಿನ್ನುವುದರಿಂದ ಅದು ಪ್ಲಾಸ್ಟಿಕ್ ಕ್ಯಾನಿನಲ್ಲಿ ಬರುತ್ತದೆ.

ವ್ಯಾಪಾರಿಯ ಚೀಟಿಯ ಮೊದಲ ಸಾಲು ಆ ಕ್ಯಾನಿನಲ್ಲಿರುವುದು ಒಂದು ವೀಕ್ ಆಮ್ಲದ ಡೈಲ್ಯೂಟ್ ದ್ರಾವಣ ಎಂದು ಹೇಳುತ್ತಿತ್ತು. ಕೆಳಗೆ ಐದು ಸಾಲಿನಲ್ಲಿ ಅಪಾಯದ ಮಾತು.

ವೀಕ್ ಮತ್ತು ಡೈಲ್ಯೂಟ್ ಎಂಬ ಕಾರ್ಡು ಅವಳ ಡ್ರಾಯರಿನಲ್ಲಿ ಆಗಲೇ ಇತ್ತು, ಕಾಲೇಜಿನ ನೆನಪಿನಿಂದ ಬರೆದದ್ದು. "ಡೈಲ್ಯೂಟ್ ಅಂದರೆ ನೀರು ಎಷ್ಟು ಬೆರೆತಿದೆ ಎಂಬ ಮಾತು. ವೀಕ್ ಅಂದರೆ ನೀರಿಗೆ ಬಿದ್ದ ಆಮ್ಲದ ಕಣಗಳು ಎಷ್ಟು ಒಡೆಯುತ್ತವೆ ಎಂಬ ಮಾತು. ನೀರು ಬೆರೆಸಿದ ಮಾತ್ರಕ್ಕೆ ಸ್ಟ್ರಾಂಗ್ ಆಮ್ಲ ವೀಕ್ ಆಗುವುದಿಲ್ಲ." ಒಂದಕ್ಷರ ತಪ್ಪಿರಲಿಲ್ಲ. ಎರಡನ್ನೂ ಕಲಸುಮೇಲೋಗರ ಮಾಡಬಾರದು ಎಂದು ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಡೈಲ್ಯೂಟ್‌ಗೆ "ತೆಳು ದ್ರಾವಣ" ಎಂದು ಬರೆದಳು. ಅಮ್ಮ ಹೂಂ ಅಂದರು. ವೀಕ್‌ಗೆ ಪಠ್ಯಪುಸ್ತಕದ "ದುರ್ಬಲ ಆಮ್ಲ" ಓದಿದಳು.

"ದುರ್ಬಲ ಅಂದ್ರೆ? ಕಾಯಿಲೆ ಬಿದ್ದಿದೆಯಾ ಅದಕ್ಕೆ?" ಅಂದರು ಅಮ್ಮ.

"ಸೌಮ್ಯ ಆಮ್ಲ ಅಂದ್ರೆ?"

"ಹೂಂ, ಅದು ಗೊತ್ತಾಗುತ್ತೆ."

ಮಾರನೆಯ ದಿನ ಅಚ್ಚಿಗೆ ಹೋಯಿತು.

ನಾಲ್ಕು ತಿಂಗಳು ಏನೂ ಆಗಲಿಲ್ಲ. ಶನಿವಾರ ಎರಡು ಕಡೆಯೂ ಅರ್ಧ ದಿನ. ಕಾರ್ಖಾನೆ ಎರಡು ಬೀದಿ ಆಚೆ ಇದ್ದದ್ದರಿಂದ ಭಾವ ನೇರ ಅತ್ತೆಯ ಮನೆಗೆ ಊಟಕ್ಕೆ ಬರುತ್ತಿದ್ದರು. ಅಕ್ಕ ಮೊದಲೇ ಬಂದು ಅಡುಗೆಗೆ ಕೈ ಜೋಡಿಸಿರುತ್ತಿದ್ದಳು. ಆ ಶನಿವಾರ ಗೋಡೆ ಗಡಿಯಾರ ಒಂದು ಹೊಡೆದಾಗ, ಅಂದರೆ ಒಂದಕ್ಕೆ ಏಳು ನಿಮಿಷ ಇದ್ದಾಗ, ಭಾವ ಚಪ್ಪಲಿ ಬಿಟ್ಟು ಒಳಗೆ ಬಂದರು.

"ಎಲ್ಲಿ ನಮ್ಮ ಪಂಡಿತಮ್ಮ? ಗ್ಯಾಸು ಆಫ್ ಮಾಡಿದಳಂತಾ, ಇಲ್ಲ ಇನ್ನೂ ಮುಟ್ಟಿ ಮುಟ್ಟಿ ನೋಡ್ತಿದ್ದಾಳಾ?"

"ನಿಮ್ಮನ್ನ ಒಂದು ಸಲ ಆಫ್ ಮಾಡೋ ತಿರುಪು ಸಿಕ್ಕಿದ್ರೆ ಸಾಕಿತ್ತು ಭಾವ," ಅಂದಳು ಜೋಡಿಯಮ್ಮ, ತಟ್ಟೆ ಹಾಕುತ್ತಾ.

"ಕೈ ತೊಳ್ಕೊಳ್ರೀ ಮೊದಲು," ಅಂದಳು ಅಕ್ಕ.

"ತೊಳೆಯೋದೇನು ಬಂತು, ಬೆಳಿಗ್ಗೆ ಆಮ್ಲದಲ್ಲೇ ತೊಳೆದಾಗಿದೆ." ಭಾವ ಕೂತು ಬಲಗೈ ಎತ್ತಿ ತೋರಿಸಿದರು. "ಗ್ಲೌಸು ಹರಿದಿತ್ತು ಕಣೇ. ಹೂದಾನಿ ಎತ್ತೋವಾಗ ಎರಡು ಬೆರಳು ನೆನೆದುಹೋಯ್ತು. ಒಂದು ಸಲ ಎದೆ ಧಸಕ್ ಅಂತು. ಕ್ಯಾನಿನ ಮೇಲೆ ನೋಡಿದ್ರೆ, ನಮ್ಮ ನಾದಿನಿಯ ಅಕ್ಷರ! ಸೌಮ್ಯ ಆಮ್ಲದ ತೆಳು ದ್ರಾವಣ. ಸೌಮ್ಯನೂ ಹೌದು, ತೆಳುವೂ ಹೌದು. ಇನ್ನೇನು ಬೇಕು? ಬಟ್ಟೆಗೆ ಒರೆಸ್ಕೊಂಡು ಕೆಲಸ ಮುಂದುವರಿಸಿದೆ."

ಜೋಡಿಯಮ್ಮನ ಕೈಯಲ್ಲಿದ್ದ ತಟ್ಟೆ ಕೈಯಲ್ಲೇ ಉಳಿಯಿತು.

"ಎಷ್ಟು ಹೊತ್ತಿಗೆ?"

"ಏನು?"

"ಭಾವ, ಎಷ್ಟು ಹೊತ್ತಿಗೆ ನೆನೀತು?"

"ಒಂಬತ್ತೂವರೆ ಇರಬೇಕು. ಯಾಕೇ?"

"ಉರೀತಾ?"

"ಇಲ್ಲ."

"ಈಗ?"

"ಒಂಚೂರೂ ಇಲ್ಲ. ನೋಡು, ಕೆಂಪಗೂ ಆಗಿಲ್ಲ. ಉರಿದಿದ್ರೆ ಸುಮ್ನೆ ಇರ್ತಿದ್ನಾ ನಾನು?"

ಉರಿದಿದ್ದರೆ ಅವಳು ಇಷ್ಟು ಹೆದರುತ್ತಿರಲಿಲ್ಲ. ಲೇಬಲ್ಲಿನ ಕೆಳಗಿನ ಐದು ಸಾಲು ಅವಳಿಗೆ ಬಾಯಿಪಾಠವಿತ್ತು, ಅವಳೇ ಬರೆದದ್ದು. "ಚರ್ಮದ ಮೂಲಕ ಇಳಿದು ಮೂಳೆಯನ್ನು ಮುಟ್ಟುತ್ತದೆ. ನೋವು ಗಂಟೆಗಟ್ಟಲೆ ತಡವಾಗಿ, ಕೆಲವೊಮ್ಮೆ ಒಂದು ದಿನ ಕಳೆದು ಕಾಣಿಸಿಕೊಳ್ಳಬಹುದು. ನೋವಿಲ್ಲದಿದ್ದರೂ ಕೂಡಲೇ ಧಾರಾಳ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಿ." ಸ್ಟ್ರಾಂಗ್ ಆಮ್ಲಗಳು ನೀರಿನಲ್ಲಿ ಒಡೆದು, ಮೇಲಿನ ಚರ್ಮವನ್ನೇ ಸುಟ್ಟು, ಕೂಗಿ ಹೇಳಿ ಬರುತ್ತವೆ. ಇದು ಹೆಚ್ಚು ಒಡೆಯುವುದಿಲ್ಲ. ಇಡಿಯಾಗಿಯೇ ಚರ್ಮ ದಾಟಿ, ಸದ್ದಿಲ್ಲದೆ ಆಳಕ್ಕೆ ಇಳಿದು, ಅಲ್ಲಿ ಕ್ಯಾಲ್ಸಿಯಂ ಹುಡುಕುತ್ತದೆ. ಯಾವ ಗುಣಕ್ಕೆ ರಸಾಯನಶಾಸ್ತ್ರ ಇದನ್ನು ವೀಕ್ ಎಂದು ಕರೆಯಿತೋ ಅದೇ ಗುಣದಿಂದ ಅದು ಮೂಳೆಯವರೆಗೆ ಹೋಗುತ್ತದೆ. ಅದಕ್ಕೆ ಅವಳು ಸೌಮ್ಯ ಎಂದು ಹೆಸರಿಟ್ಟಿದ್ದಳು.

"ಕೆಳಗಿನ ಸಾಲು ಓದಲಿಲ್ವಾ ಭಾವ? ಕೆಳಗೆ ಐದು ಸಾಲು ಇತ್ತಲ್ಲ!"

"ಎಲ್ಲಿತ್ತು? ಒಂದೇ ಸಾಲು ಇದ್ದದ್ದು."

ಆಮೇಲೆ ತಿಳಿಯಿತು. ಕ್ಯಾನು ಉರುಳಬಾರದು ಎಂದು ಕಾರ್ಖಾನೆಯ ಮೇಸ್ತ್ರಿ ಮರದ ಪೆಟ್ಟಿಗೆ ಮಾಡಿಸಿ ಅದರಲ್ಲಿ ಇಳಿಸಿಟ್ಟಿದ್ದರು. ಪೆಟ್ಟಿಗೆಯ ಅಂಚು ಲೇಬಲ್ಲಿನ ಮುಕ್ಕಾಲು ಭಾಗ ಮುಚ್ಚುತ್ತಿತ್ತು. ಮೇಲಿನ ಸಾಲೊಂದೇ ಹೊರಗೆ ಕಾಣುತ್ತಿತ್ತು.

ಅವಳು ಭಾವನ ಮುಂಗೈ ಹಿಡಿದು ಎಳೆದುಕೊಂಡು ಬಚ್ಚಲಿಗೆ ಹೋದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಭಾವನನ್ನು ಮುಟ್ಟಿದ್ದು ಅದೇ ಮೊದಲು. ನಲ್ಲಿ ಪೂರ್ತಿ ತಿರುಗಿಸಿ ಎರಡು ಬೆರಳನ್ನೂ ನೀರಿನ ಕೆಳಗೆ ಹಿಡಿದಳು.

"ಏನೇ ಇದು ಆಟ?" ಅಂದಳು ಅಕ್ಕ ಬಾಗಿಲಲ್ಲಿ.

"ಅಕ್ಕ, ಆಟೋ ಕರಿ. ಈಗಲೇ."

"ಊಟ ತಣ್ಣಗಾಗುತ್ತೆ..."

"ಕರಿಯೇ!"

ಆ ಮನೆಯಲ್ಲಿ ಅವಳು ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ಅಕ್ಕ ಬರಿಗಾಲಲ್ಲೇ ಬೀದಿಗೆ ಓಡಿದಳು. ಅಮ್ಮ ಮಾತ್ರ ಅಡುಗೆಮನೆಯ ಹೊಸ್ತಿಲಲ್ಲಿ ಸೌಟು ಹಿಡಿದು ನಿಂತಿದ್ದರು.

"ಸೌಮ್ಯ ಅಂದ್ರೆ ತಣ್ಣಗಿನದು, ಏನೂ ಮಾಡದ್ದು ಅಂತ ಅಲ್ವೇನೇ?" ಅಂದರು.

ಅವಳು ತಿರುಗಿ ನೋಡಿದಳು. ಇಪ್ಪತ್ತೇಳು ವರ್ಷ ಅರ್ಥ ಆಯ್ತಾ ಎಂದು ಕೇಳಿದ್ದಳು. ಏನು ಅರ್ಥ ಆಯ್ತು ಎಂದು ಒಂದು ದಿನವೂ ಕೇಳಿರಲಿಲ್ಲ.

ಆಟೋದಲ್ಲಿ ಅವಳು ಮೇಸ್ತ್ರಿಗೆ ಫೋನು ಮಾಡಿದಳು. ಬೇರೆ ಯಾರಾದರೂ ಆಮ್ಲ ಮುಟ್ಟಿದ್ದರಾ, ಕೇಳಿ ಹೇಳಿ. ಮುಟ್ಟಿದ್ದರೆ ನೋವಿಲ್ಲದಿದ್ದರೂ ಆಸ್ಪತ್ರೆಗೆ ಕಳಿಸಿ ಅಂದಳು.

"ಅದು ಸೌಮ್ಯ ಅಲ್ವಾ ಮೇಡಂ?"

"ಅಲ್ಲ. ನಾನು ತಪ್ಪು ಬರ್ದಿದ್ದೀನಿ."

ಆ ಮಾತು ಹೇಳಿದರೆ ಕುರ್ಚಿ ಹೋಗಬಹುದು ಎಂದು ಅವಳಿಗೆ ಹೊಳೆದದ್ದು ಫೋನಿಟ್ಟ ಮೇಲೆ. ಹೊಳೆದರೂ ಅಲ್ಲಿ ನಿಲ್ಲಲಿಲ್ಲ. ಕಣ್ಣು ಭಾವನ ಬೆರಳಿನ ಮೇಲೇ ಇತ್ತು. ಅಕ್ಕ ನೀರಿನ ಬಾಟಲಿ ಹಿಡಿದು ದಾರಿಯುದ್ದಕ್ಕೂ ಬೆರಳಿಗೆ ಹನಿಸುತ್ತಿದ್ದಳು. ಆಟೋದವನು ಹಿಂದೆ ನೋಡಿ, "ಸೀಟು ಒದ್ದೆಯಾಗ್ತಿದೆ ಅಮ್ಮ," ಅಂದ. "ಆಗಲಿ ಬಿಡಪ್ಪ, ಒಣಗುತ್ತೆ," ಅಂದರು ಭಾವ. ಅವರು ಇನ್ನೂ ನಗುತ್ತಲೇ ಇದ್ದರು. ಆ ನಗು ನೋಡಲು ಅವಳಿಗೆ ಆಗುತ್ತಿರಲಿಲ್ಲ.

ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಮೊದಲು ಬಂದ ಸಹಾಯಕ ಬೆರಳು ಹಿಂದೆ ಮುಂದೆ ತಿರುಗಿಸಿ ನೋಡಿದ. "ಗಾಯ ಎಲ್ಲಿ? ಆಮ್ಲ ಯಾವುದು, ಸ್ಟ್ರಾಂಗಾ ವೀಕಾ?"

"ವೀಕ್," ಅಂದರು ಭಾವ ಥಟ್ಟನೆ. "ಸೌಮ್ಯದ್ದು."

"ಹಂಗಾದ್ರೆ ಅಲ್ಲಿ ಕೂತಿರಿ, ಕರೀತೀವಿ."

ಗೋಡೆಯ ಪಕ್ಕ ಬೆಂಚಿನಲ್ಲಿ ಹದಿನಾಲ್ಕು ಜನ ಇದ್ದರು. ಜೋಡಿಯಮ್ಮ ಎಣಿಸಿದಳು. ಒಬ್ಬೊಬ್ಬರಿಗೆ ಹತ್ತು ನಿಮಿಷ ಎಂದರೂ ಎರಡು ಗಂಟೆ ಇಪ್ಪತ್ತು ನಿಮಿಷ. ಜನರೆದುರು ಗಟ್ಟಿಯಾಗಿ ಮಾತಾಡಬೇಕೆಂದರೆ ಅವಳಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಮಳಿಗೆಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟರೂ ಸುಮ್ಮನೆ ಬರುವವಳು. ಆದರೂ ಎದ್ದು, ಪರದೆ ಸರಿಸಿ, ಕೇಳದೆ ಒಳಗೆ ಹೋದಳು. ಡಾಕ್ಟರಮ್ಮ ಬೇರೊಬ್ಬರ ರಕ್ತದೊತ್ತಡ ನೋಡುತ್ತಿದ್ದರು.

"ಹೊರಗಿರಿ ಅಮ್ಮ."

"ಹೈಡ್ರೋಫ್ಲೋರಿಕ್ ಆಮ್ಲ ಡಾಕ್ಟ್ರೇ. ಎರಡು ಬೆರಳು. ಮುಟ್ಟಿ ನಾಲ್ಕು ಗಂಟೆಯಾಯ್ತು. ನೋವಿಲ್ಲ. ತೊಳೆದದ್ದು ಈಗ, ಮೂರೂವರೆ ಗಂಟೆ ತಡವಾಗಿ. ಹೊರಗೆ ವೀಕ್ ಅಂತ ಅಂದ್ಕೊಂಡಿದ್ದಾರೆ. ವೀಕ್ ಅಂದ್ರೆ ಮೆದು ಅಲ್ಲ. ಚೀಟಿಯಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಹಚ್ಚಬೇಕು ಅಂತಿತ್ತು."

ಡಾಕ್ಟರಮ್ಮ ಒತ್ತಡದ ಪಟ್ಟಿಯನ್ನು ಅಲ್ಲೇ ಬಿಟ್ಟು ಎದ್ದರು. ಅವರು ಎದ್ದ ವೇಗ ನೋಡಿ ಅವಳು ಪರದೆ ಸರಿಸಿ ದಾರಿ ಬಿಟ್ಟಳು. ತಾನು ಹೆದರಿದ್ದು ಸುಳ್ಳು ಎಂದು ಯಾರಾದರೂ ಗದರಿಸಲಿ ಎಂದು ಅಲ್ಲಿಯವರೆಗೂ ಒಳಗೊಳಗೇ ಆಸೆಯಿತ್ತು.

ಮುಲಾಮು ಸಿದ್ಧವಾಗಿ ಇರಲಿಲ್ಲ. ಕ್ಯಾಲ್ಸಿಯಂ ಇಂಜೆಕ್ಷನ್ನಿನ ಸಣ್ಣ ಸೀಸೆಗಳನ್ನು ಒಡೆದು, ಒಂದು ಪಾಲಿಗೆ ಮೂರು ಪಾಲು ಜಾರುವ ಜೆಲ್ಲಿ ಬೆರೆಸಿ ನರ್ಸು ಕಲಸಿದರು. ಅದನ್ನು ಒಂದು ರಬ್ಬರ್ ಗ್ಲೌಸಿನೊಳಗೆ ತುಂಬಿ, ಭಾವನ ಬಲಗೈಯನ್ನು ಅದರೊಳಗೆ ತೂರಿಸಿದರು. ಎದೆಗೆ ತಂತಿಗಳನ್ನು ಅಂಟಿಸಿದರು. ಆಮ್ಲ ರಕ್ತದ ಕ್ಯಾಲ್ಸಿಯಂ ಕದ್ದರೆ ಹೃದಯ ತಪ್ಪು ಹೆಜ್ಜೆ ಹಾಕಬಹುದು ಎಂದರು. ಇದು ಸಣ್ಣ ಜಾಗ, ಆಗಲಿಕ್ಕಿಲ್ಲ, ಆದರೂ ನೋಡುತ್ತಿರೋಣ ಎಂದರು.

"ಬೆಳಿಗ್ಗೆ ತೂತಿನ ಗ್ಲೌಸು ಕೊಟ್ಟರು, ಈಗ ತೂತಿಲ್ಲದ್ದು ಕೊಟ್ಟರು. ಆಸ್ಪತ್ರೇನೇ ವಾಸಿ," ಅಂದರು ಭಾವ.

ಎರಡೂ ನಲವತ್ತಕ್ಕೆ ಅವರ ಮಾತು ನಿಂತಿತು. ಸುಮ್ಮನೆ ಕೂತಿದ್ದವರು ಒಂದು ಸಲ ಹುಬ್ಬು ಗಂಟಿಕ್ಕಿದರು, ಏನೋ ಮರೆತದ್ದನ್ನು ನೆನೆಸಿಕೊಳ್ಳುವವರ ಹಾಗೆ. ಮತ್ತೆ ಸಡಿಲಿಸಿದರು. ಮತ್ತೆ ಗಂಟಿಕ್ಕಿದರು.

"ಏನ್ರೀ?" ಅಂದಳು ಅಕ್ಕ.

"ಉಗುರಿನ ಕೆಳಗೆ ಏನೋ... ಮಿಡೀತಿದೆ."

ಕಾಲು ಗಂಟೆಯೊಳಗೆ ಅದು ಮಿಡಿತವಾಗಿ ಉಳಿಯಲಿಲ್ಲ. ಉಗುರಿನ ಅಡಿಯಿಂದ ಯಾರೋ ದಬ್ಬಳ ಹಾಕಿ ಮೂಳೆಯುದ್ದಕ್ಕೂ ಎಳೆಯುತ್ತಿರುವಂತೆ ಇದೆ ಎಂದರು. ಹಲ್ಲು ಕಚ್ಚಿದ್ದರಿಂದ ಮಾತು ಒಡೆದು ಬರುತ್ತಿತ್ತು. ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಬೆರಳು ಹೊರಗಿನಿಂದ ಇನ್ನೂ ಬೆಳಗಿನಂತೆಯೇ ಇತ್ತು, ಬರೀ ತುದಿ ಸ್ವಲ್ಪ ಬಿಳಿಚಿತ್ತು.

"ನೋವಿಗೆ ಏನಾದ್ರೂ ಕೊಡಿ ಡಾಕ್ಟ್ರಮ್ಮ, ನೋಡೋಕಾಗ್ತಿಲ್ಲ," ಅಂದಳು ಅಕ್ಕ.

"ಬೆರಳು ಮರಗಟ್ಟಿಸೋ ಹಾಗಿಲ್ಲ. ಆಮ್ಲ ಇನ್ನೂ ಒಳಗೆ ತಿಂತಿದೆಯಾ, ನಿಂತಿತಾ ಅಂತ ಹೇಳೋದು ಆ ನೋವೊಂದೇ. ಅದನ್ನ ಮುಚ್ಚಿದ್ರೆ ನಮಗೆ ಕಣ್ಣು ಕಟ್ಟಿದ ಹಾಗೆ."

ಇಷ್ಟು ಹೊತ್ತು ಇಲ್ಲದ ನೋವಿಗೆ ಹೆದರಿ ಕೂತಿದ್ದ ಜೋಡಿಯಮ್ಮ ಈಗ ಇರುವ ನೋವು ನಿಂತೀತೇ ಎಂದು ಕಾಯತೊಡಗಿದಳು. ಬೆರಳು ಉಳಿಯುತ್ತದಾ ಎಂದು ಕೇಳಬೇಕಿತ್ತು. ಎದುರಿನ ಪರದೆಯ ಮೇಲೆ ಹಸಿರು ಗೆರೆ ಓಡುತ್ತಿತ್ತು. ಒಂದೊಂದು ಏರಿಗೂ ಅವಳು ಉಸಿರು ಬಿಡುತ್ತಿದ್ದಳು, ಮುಂದಿನದು ಬರುವವರೆಗೆ ಹಿಡಿಯುತ್ತಿದ್ದಳು. ತಲೆಯೊಳಗೆ ಮಾತ್ರ ಡ್ರಾಯರು ತಾನಾಗಿ ತೆರೆದುಕೊಂಡಿತ್ತು. ವೀಕ್ ಮತ್ತು ಡೈಲ್ಯೂಟ್. ಆ ಎರಡರ ನಡುವಿನ ಬಾಗಿಲಲ್ಲಿ ಕಾವಲು ಕೂತವಳು, ಹಿಂಬಾಗಿಲಿನಿಂದ ಮೈಲ್ಡ್, ಅಂದರೆ ಸೌಮ್ಯ, ಎಂಬ ಮೂರನೆಯದು ಒಳಗೆ ಬಂದು ಕೂತದ್ದನ್ನು ನೋಡಿರಲಿಲ್ಲ. ವೀಕ್ ಮತ್ತು ಮೈಲ್ಡ್ ಎಂಬ ಕಾರ್ಡೇ ಅವಳ ಬಳಿ ಇರಲಿಲ್ಲ. ಪದಗಳು ಇಬ್ಬಿಬ್ಬರೇ ಬರುತ್ತವೆ ಎಂದು ಅವಳಿಗೆ ಹೇಳಿದವರು ಯಾರು?

ನಾಲ್ಕೂವರೆಗೆ ಉಂಗುರ ಬೆರಳಿನ ನೋವು ಇಳಿಯಿತು. ನಡುಬೆರಳಿನದು ಇಳಿಯಲಿಲ್ಲ. ಡಾಕ್ಟರಮ್ಮ ಇನ್ನೊಬ್ಬ ಹಿರಿಯರನ್ನು ಕರೆಸಿದರು. ಅವರು ಉಗುರು ತೆಗೆಯಬೇಕಾಗುತ್ತದೆ, ಕೆಳಗೆ ಅಡಗಿದೆ ಎಂದರು. ಮೂಳೆಗೆ ಹೋಗಿದೆಯಾ ಎಂದು ಅಕ್ಕ ಕೇಳಿದಳು. "ತೆಗೆದು ನೋಡಿದ ಮೇಲೆ ಹೇಳ್ತೀನಿ," ಎಂದರು ಅವರು. ಭಾವನನ್ನು ಒಳಗೆ ಕರೆದುಕೊಂಡು ಹೋದರು. ಹೋಗುವಾಗ ಭಾವ ಎಡಗೈಯಿಂದ ಅಕ್ಕನ ತಲೆ ಮುಟ್ಟಿದರು, ನಾದಿನಿಯ ಕಡೆ ತಿರುಗಿದರು. ಏನಾದರೂ ಕುಚೋದ್ಯ ಮಾಡುತ್ತಾರೆ ಎಂದು ಅವಳು ಕಾದಳು. ಅವರು ಏನೂ ಅನ್ನಲಿಲ್ಲ. ಅಂದು ಅವಳನ್ನು ಅತಿ ಹೆಚ್ಚು ಹೆದರಿಸಿದ್ದು ಅದೇ.

ಬಾಗಿಲು ಮುಚ್ಚಿತು. ಅಕ್ಕತಂಗಿಯರು ಬೆಂಚಿನ ಎರಡು ತುದಿಯಲ್ಲಿ ಕೂತರು. ಅಕ್ಕ ನೆಲ ನೋಡುತ್ತಲೇ ಕೇಳಿದಳು:

"ನೀನೇ ಬರೆದದ್ದಂತೆ?"

"ಹೂಂ."

"ಗೊತ್ತಿಲ್ದೆ ಬರೆದ್ಯಾ?"

"ಗೊತ್ತಿತ್ತು ಅಕ್ಕ. ಗೊತ್ತಿದ್ದೂ ಬರೆದೆ. ನನಗೆ ಗೊತ್ತಿದ್ದದ್ದು ಓದೋರಿಗೂ ಗೊತ್ತಿರುತ್ತೆ ಅಂತ..."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಬೆಂಚಿನ ಮೇಲೆ ಸರಿದು ಹತ್ತಿರ ಬಂದಳು, ಅಷ್ಟೇ. ಆಗ ಮೇಸ್ತ್ರಿಯ ಫೋನು ಬಂತು. ಉಳಿದ ಆರು ಜನರನ್ನೂ ಮನೆಮನೆಗೆ ಹೋಗಿ ಕೇಳಿದ್ದರು. ಯಾರೂ ಮುಟ್ಟಿರಲಿಲ್ಲ. ಪೆಟ್ಟಿಗೆಯ ಮುಂದಿನ ಹಲಗೆಯನ್ನು ಗರಗಸ ಹಾಕಿ ತೆಗೆದೆ ಮೇಡಂ, ಕೆಳಗಿನ ಸಾಲು ಈಗಲೇ ಓದಿದೆ, ಓದಿದ ಮೇಲೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ ಎಂದರು.

ಐದೂಮುಕ್ಕಾಲಿಗೆ ಹಿರಿಯ ಡಾಕ್ಟರು ಹೊರಗೆ ಬಂದರು. ಮೂಳೆ ಉಳಿದಿದೆ ಎಂದರು. ಬೆರಳು ಹೋಗುವುದಿಲ್ಲ. ಉಗುರು ಹೋಯಿತು, ಅದು ಮತ್ತೆ ಬರಬಹುದು. ತುದಿಯ ಸ್ಪರ್ಶ ಎಷ್ಟು ಬರುತ್ತದೆಂದು ಈಗ ಹೇಳಲಾಗದು. "ನೋವು ಶುರುವಾದ ಮೇಲೆ ಬಂದಿದ್ದರೆ ಬೇರೆ ಮಾತಾಗುತ್ತಿತ್ತು," ಎಂದು ಕೈ ಒರೆಸಿಕೊಳ್ಳುತ್ತಾ ಹೋದರು.

ಸೋಮವಾರ ಜೋಡಿಯಮ್ಮ ಯಜಮಾನರ ಮುಂದೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಮೇಜಿನ ಮೇಲಿನ ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸಿದರು. "ಆ ಲೇಬಲ್ ಎಷ್ಟು ಹೊರಗೆ ಹೋಗಿದೆ?" ಅಂದರು. ಆರುನೂರು ಎಂದಳು. ಹನ್ನೊಂದು ದಿನದಲ್ಲಿ ಐನೂರ ತೊಂಬತ್ತಮೂರು ವಾಪಸು ಬಂದವು. ಉಳಿದ ಏಳು ಎಲ್ಲಿವೆ ಎಂದು ಅವಳಿಗೆ ಗೊತ್ತಾಗಲಿಲ್ಲ. ಹೊಸ ಲೇಬಲ್ಲಿನ ಮೊದಲ ಸಾಲಿನಲ್ಲಿ ವೀಕೂ ಇಲ್ಲ, ಡೈಲ್ಯೂಟೂ ಇಲ್ಲ. "ಗಾಜು ತಿನ್ನುವ ಆಮ್ಲ. ಮುಟ್ಟಿದರೆ ಆಗ ಉರಿಯುವುದಿಲ್ಲ. ಉರಿಗೆ ಕಾಯದೆ ತೊಳೆದು ಆಸ್ಪತ್ರೆಗೆ ಓಡಿ." ಅದನ್ನು ಓದಿದ ಮೇಲೆ ಅಮ್ಮನನ್ನು ಕೇಳಿದಳು:

"ಏನು ಅರ್ಥ ಆಯ್ತು? ನಿನ್ನ ಮಾತಲ್ಲಿ ಹೇಳು."

"ನಾನು ಅವತ್ತು ಹೂಂ ಅಂದಿದ್ದಕ್ಕೇ ಅಲ್ವೇನೇ ಹಿಂಗಾಗಿದ್ದು?" ಅಂದರು ಅಮ್ಮ. ಕನ್ನಡಕದ ಹಿಂದೆ ಕಣ್ಣು ತುಂಬಿತ್ತು.

"ಅಲ್ಲಮ್ಮ. ನಾನು ಅಷ್ಟಕ್ಕೇ ನಿಲ್ಲಿಸಿದ್ದಕ್ಕೆ."

"ಸುಮ್ನೆ ಇರೋ ಹಾವಿಗೆ ಹೆಚ್ಚು ಹೆದರಬೇಕು ಅಂತ ಅರ್ಥ ಆಯ್ತು," ಅಂದರು ಅಮ್ಮ, ಸೆರಗಿನಿಂದ ಕಣ್ಣೊರೆಸಿಕೊಂಡು.

ಭಾವನಿಗೆ ಐದು ವಾರ ಕೆಲಸವಿರಲಿಲ್ಲ. ಮೂರನೆಯ ವಾರ ಬೆರಳಿಗೆ ದಪ್ಪ ಬಟ್ಟೆ ಸುತ್ತಿಕೊಂಡೇ ಅಚ್ಚಿನ ಮನೆಗೆ ಬಂದರು. ಮನೆಯಲ್ಲಿ ಅಕ್ಕನ ಕಾಟ ತಡೆಯಲಾಗುತ್ತಿಲ್ಲ, ಇಲ್ಲೇನಾದರೂ ಕೆಲಸ ಇದೆಯಾ ಎಂದರು.

"ಇದೆ," ಅಂದಳು ಜೋಡಿಯಮ್ಮ. ಕಪಾಟಿನಿಂದ ಇಪ್ಪತ್ತೇಳು ವರ್ಷದ ಲೇಬಲ್ಲುಗಳ ಕಡತ ಇಳಿಸಿದಳು. ಒಂದೊಂದು ವರ್ಷಕ್ಕೆ ಒಂದೊಂದು, ಹೆಗಲೆತ್ತರದ ರಾಶಿ. "ಒಂದೊಂದೇ ಓದಿ. ಏನು ತಿಳೀತು ಅಂತ ಹೇಳಿ. ಸರಿಯೋ ತಪ್ಪೋ ನೋಡಬೇಡಿ."

"ತಪ್ಪು ಹೇಳಿದ್ರೆ ಸಂಬಳ ಮುರೀತೀಯಾ ಪಂಡಿತಮ್ಮ?"

"ತಪ್ಪು ಹೇಳಿದ್ರೆ ಟೀ ಕೊಡಿಸ್ತೀನಿ."

ಭಾವ ಕುರ್ಚಿ ಎಳೆದುಕೊಂಡು ಕೂತರು. ಕೈಗೆ ಸಿಕ್ಕ ಒಂದು ಲೇಬಲ್ಲನ್ನು ಮೇಜಿನ ಮೇಲಿಟ್ಟು, ಬಟ್ಟೆ ಸುತ್ತಿದ ಕೈಯನ್ನು ಅದರ ಕೆಳಗಿನ ಮುಕ್ಕಾಲು ಭಾಗದ ಮೇಲೆ ಹೊದಿಸಿದರು.

"ಪೂರ್ತಿ ಓದಿ ಭಾವ."

"ಕಾರ್ಖಾನೆಯಲ್ಲಿ ಪೂರ್ತಿ ಯಾರಿಗೇ ಕಾಣುತ್ತೆ? ಇಷ್ಟೇ ಕಂಡರೆ ನಾನೇನು ಮಾಡ್ತೀನಿ, ಅದನ್ನ ಕೇಳು."

ಅದು ಹತ್ತಿಯ ಪೊಟ್ಟಣದ ಲೇಬಲ್ಲು, ಅವಳ ಎರಡನೆಯ ವರ್ಷದ್ದು. ಡಿಸಿನ್ಫೆಕ್ಟ್ ಮತ್ತು ಸ್ಟೆರಿಲೈಸ್ ಎಂಬ ಕಾರ್ಡು ಬರೆದದ್ದೇ ಇದಕ್ಕಾಗಿ. ಒಂದರಲ್ಲಿ ಬಹಳಷ್ಟು ಕ್ರಿಮಿ ಸಾಯುತ್ತವೆ, ಇನ್ನೊಂದರಲ್ಲಿ ಒಂದೂ ಉಳಿಯುವುದಿಲ್ಲ. ಆ ವ್ಯತ್ಯಾಸ ಹುಡುಕಿದ ದಿನ ಅವಳು ಎಷ್ಟು ಹಿಗ್ಗಿದ್ದಳು.

"'ಕ್ರಿಮಿ ತೊಳೆದ ಹತ್ತಿ'," ಎಂದು ಓದಿದರು ಭಾವ. ಯೋಚಿಸಿದರು. "ತೊಳೆದದ್ದು ಅಂದ ಮೇಲೆ ಚೊಕ್ಕಟ ಇದೆ. ಗಾಯಕ್ಕೆ ಇಟ್ಟು ಕಟ್ತೀನಿ. ಸರೀನಾ?"

ಜೋಡಿಯಮ್ಮ ನಿಧಾನವಾಗಿ ಅವರ ಕೈಯನ್ನು ಬದಿಗೆ ಸರಿಸಿದಳು. ನಾಲ್ಕನೆಯ ಸಾಲಿನಲ್ಲಿ ಅವಳದೇ ಮಾತು ಇತ್ತು: ತೆರೆದ ಗಾಯಕ್ಕೆ ಬಳಸಬಾರದು.

ಒಳಗಡೆ ಅಚ್ಚಿನ ಯಂತ್ರ ಒಂದೇ ತಾಳದಲ್ಲಿ ಅವಳು ಬರೆದ ಹೊಸ ಲೇಬಲ್ಲುಗಳನ್ನು ಉದುರಿಸುತ್ತಿತ್ತು. ಅವಳು ಎದ್ದು ಹೋಗಿ ಅದನ್ನು ನಿಲ್ಲಿಸಿ ಬಂದಳು.

"ಎರಡು ಟೀ ತರಿಸಲಾ ಭಾವ?" ಅಂದಳು.

"ತರಿಸು," ಎಂದು ಭಾವ ಮುಂದಿನ ಲೇಬಲ್ಲಿನ ಮೇಲೆ ಕೈ ಇಟ್ಟರು.